ಕೆಳಬೀದಿಯ ಎರಡೂವರೆ ಇಂಚು

ಅಡುಗೆಮನೆಯ ಡಬ್ಬಗಳ ಕೆಳಗೆ ಹಾಸಲು ಕಾಗದ ಹುಡುಕುತ್ತಿದ್ದೆ. ಟ್ರಂಕಿನ ತಳದಲ್ಲಿ ಹಳೆಯ ಕ್ಯಾಲೆಂಡರೊಂದು ಸಿಕ್ಕಿತು. ಗ್ಯಾಸು ಬಂದ ದಿನ, ಎಮ್ಮೆ ಕರು ಹಾಕಿದ ದಿನ ಬರೆದಿಡುವುದು ನನ್ನ ಚಾಳಿ. ಆದರೆ ಈ ಕ್ಯಾಲೆಂಡರಿನ ಹದಿನೈದು ಚೌಕಗಳಲ್ಲಿ ಬೇರೆಯೇ ಬರಹವಿತ್ತು. ‘ಬೆಳಗ್ಗೆ ಆರರಿಂದ ಏಳು, ಒಂದೂಕಾಲು ಅಡಿ. ಮಧ್ಯಾಹ್ನ ಒಂದರಿಂದ ಎರಡು, ಅರ್ಧ ಇಂಚು.’ ನೀವು ನೋಡಿದ್ದರೆ ಈಕೆಗೇನೋ ಆಗಿತ್ತು ಎಂದುಕೊಳ್ಳುತ್ತಿದ್ದಿರಿ. ನಿಜವಾಗಿ ಅದು ನಮ್ಮೂರಿನ ನೀರಿನ ಟ್ಯಾಂಕು ಗಂಟೆಗೆ ಎಷ್ಟು ಇಳಿಯಿತು ಎಂಬ ಲೆಕ್ಕ. ಡಬ್ಬಗಳನ್ನು ಅಲ್ಲೇ ಬಿಟ್ಟು, ಕ್ಯಾಲೆಂಡರು ಹಿಡಿದು ಹೊಸ್ತಿಲ ಮೇಲೆ ಕುಳಿತುಬಿಟ್ಟೆ.

ನಮ್ಮೂರಿರುವುದು ತರೀಕೆರೆಯಿಂದ ಅಜ್ಜಂಪುರದ ಕಡೆಗೆ ಹೋಗುವ ದಾರಿಯಲ್ಲಿ. ಟ್ಯಾಂಕು ಗುಡ್ಡದ ನೆತ್ತಿಯಲ್ಲಿದೆ, ಮೇಲ್ಬೀದಿ ಗುಡ್ಡದ ಸೊಂಟದಲ್ಲಿ, ಕೆಳಬೀದಿ ಕೆರೆಯ ಏರಿಯ ಪಕ್ಕದಲ್ಲಿ. ನಮ್ಮನೆಯವರು ಪಂಚಾಯ್ತಿಯ ನೀರುಗಂಟಿ, ಊರಿಗೆ ನೀರು ಬಿಡುವವರು. ನೀರು ಮೇಲಿಂದ ಕೆಳಗೆ ಬರುತ್ತದೆ, ಇದರಲ್ಲಿ ಕಲಿಯುವುದೇನಿದೆ ಎಂದುಕೊಂಡಿದ್ದವಳು ನಾನು. ಆ ವರ್ಷ ಕೆಳಬೀದಿಯಲ್ಲಿ ಪೈಪಿನ ಜಾಯಿಂಟುಗಳು ಒಂದರ ಹಿಂದೊಂದು ಕಿತ್ತುಕೊಂಡು ಬರತೊಡಗಿದವು. ಅದೂ ಯಾರೂ ನೀರು ಹಿಡಿಯದ ಮಧ್ಯಾಹ್ನದ ಹೊತ್ತಿನಲ್ಲಿ. ಒಮ್ಮೆ ಕಿತ್ತರೆ ಟ್ಯಾಂಕೆಲ್ಲ ಚರಂಡಿಗೆ ಹೋಗುತ್ತಿತ್ತು. ಸಂಜೆ ಎರಡು ಬೀದಿಯ ಕೊಡಗಳೂ ಖಾಲಿ.

ಕೆಳಬೀದಿಯ ಪಂಚಾಯ್ತಿ ಮೆಂಬರು ಓಂಕಾರಪ್ಪನವರು ಒಂದು ದಿನ ನಮ್ಮ ಜಗಲಿಗೇ ಬಂದು ಹೇಳಿದರು. ಇನ್ನೊಂದು ಸಲ ಪೈಪು ಒಡೆದರೆ ಮುಂದಿನ ಮೀಟಿಂಗಿನಲ್ಲಿ ನೀರುಗಂಟಿ ಕೆಲಸಕ್ಕೆ ಬೇರೆಯವರ ಹೆಸರು ಬರುತ್ತದೆ ಎಂದು. ನಮ್ಮನೆಯವರು ತಲೆ ತಗ್ಗಿಸಿ ನಿಂತಿದ್ದರು. ಹದಿನೆಂಟು ವರ್ಷದ ಕೆಲಸ. ಬೇರೆ ಕೆಲಸ ಅವರಿಗೆ ಬಾರದು. ತಾನು ಪ್ರತಿ ದಿನ ಕೆಳಬೀದಿಗೆ ನೀರು ಬಿಡುವ ಗೇಟ್ ವಾಲ್ವನ್ನು ಅರ್ಧಕ್ಕರ್ಧ ಮುಚ್ಚಿ ಒತ್ತಡ ಕಡಿಮೆ ಮಾಡಿಯೇ ಬರುತ್ತೇನೆ ಎಂದಷ್ಟೇ ಹೇಳಿದರು.

ಜಗಲಿಯ ಮೂಲೆಯಲ್ಲಿ ನಮ್ಮ ಮಾವ ಎಲೆ ಅಡಿಕೆ ಮೆಲ್ಲುತ್ತಿದ್ದರು. ಅವರು ಲಕ್ಕವಳ್ಳಿಯ ಡ್ಯಾಮಿನಲ್ಲಿ ಗೇಟು, ವಾಲ್ವುಗಳ ಫಿಟ್ಟರಾಗಿದ್ದು ರಿಟೈರಾದವರು. ಮಾತು ಕಡಿಮೆ. ಎದ್ದು ಹೋಗಿ ಹಿತ್ತಲಿನ ರಬ್ಬರ್ ಪೈಪು ತಂದು ನಲ್ಲಿಗೆ ಸಿಕ್ಕಿಸಿದರು. ನಡುವೆ ಅರ್ಧ ಮಡಚಿ ದಾರ ಕಟ್ಟಿ, ತುದಿಗೆ ತೆಂಗಿನ ಸಿಪ್ಪೆಯ ಬಿರಡೆ ಬಡಿದು, ನಲ್ಲಿ ತಿರುಗಿಸಿದರು. ಮೊದಲು ಏನೂ ಆಗಲಿಲ್ಲ. ಸ್ವಲ್ಪ ಹೊತ್ತಿಗೆ ಪೈಪು ಉಬ್ಬಿ, ಬಿರಡೆ ಹಾರಿ ಓಂಕಾರಪ್ಪನವರ ಇಸ್ತ್ರಿ ಪಂಚೆಗೆ ನೀರು ಎರಚಿತು.

“ಅರ್ಧ ಮುಚ್ಚಿದ್ರೆ ನೀರು ಬರೋದು ನಿಧಾನ ಆಯ್ತದೆ ಅಷ್ಟೆ ಕಣೋ,” ಎಂದರು ಮಾವ ಓಂಕಾರಪ್ಪನವರಿಗೆ. “ಎಲ್ಲಾ ನಲ್ಲಿ ನಿಂತ ಮೇಲೆ ಗುಡ್ಡದ ಭಾರ ಪೂರಾ ಬಂದು ಕೂತ್ಕಂತದೆ. ನನ್ನ ಮಗನ ತಪ್ಪು ಸೋಮಾರಿತನ ಅಲ್ಲ, ತಿಳೀದೆ ಮಾಡಿದ್ದು. ಪ್ರೆಷರ್ ಇಳಿಸೋ ವಾಲ್ವೇ ಬೇರೆ ಐತೆ, ಪಂಚಾಯ್ತಿಯವರು ಅದನ್ನ ಹಾಕ್ಸಿ.”

ಆ ವಾಲ್ವಿನೊಳಗೆ ಒಂದು ರಬ್ಬರಿನ ಪರದೆ ಇರುತ್ತದೆ. ಕೆಳಗಿನ ಪೈಪಿನಲ್ಲಿ ಒತ್ತಡ ಏರಿದರೆ ತಾನೇ ಬಾಯಿ ಮುಚ್ಚುತ್ತದೆ, ಇಳಿದರೆ ತಾನೇ ತೆರೆಯುತ್ತದೆ. ಕರೆಂಟು ಬೇಡ, ಕಾವಲು ಬೇಡ. ಪಂಚಾಯ್ತಿಯವರು ಒಪ್ಪಿದರು, ಆದರೆ ಮಾವನನ್ನು ಕೇಳದೆ, ಪೈಪು ನಾಲ್ಕಿಂಚು ಎಂದು ವಾಲ್ವೂ ನಾಲ್ಕಿಂಚಿನದೇ ತರಿಸಿ ಕೂರಿಸಿಬಿಟ್ಟರು. ಬೆಳಗಿನ ಹೊತ್ತು ಸರಿಯಾಗಿತ್ತು. ಮಧ್ಯಾಹ್ನವಾದರೆ ಅದು ಗಡಗಡ ಬಡಿದುಕೊಳ್ಳುವುದು, ಒತ್ತಡ ತೋರಿಸುವ ಗೇಜಿನ ಮುಳ್ಳು ಅತ್ತಿಂದಿತ್ತ ಕುಣಿಯುವುದು. ಆ ಸದ್ದಿಗೆ ಎಮ್ಮೆ ಸೊರ ಬಿಟ್ಟು ಹಾಲು ಕೊಡುತ್ತಿಲ್ಲ ಎಂದು ಓಂಕಾರಪ್ಪನವರ ಮನೆಯಿಂದ ದೂರು. ನಾಲ್ಕನೆಯ ದಿನ ಮತ್ತೊಂದು ಜಾಯಿಂಟು ಹೋಯಿತು. ಮೀಟಿಂಗಿಗೆ ಇನ್ನೊಂದು ತಿಂಗಳಿತ್ತು.

ಆಗ ಮಾವ ನನ್ನನ್ನು ಕರೆದರು. ಮಗನನ್ನಲ್ಲ, ನನ್ನನ್ನು. “ನೀನು ಏನಿದ್ರೂ ಬರ್ದಿಡ್ತೀಯಲ್ಲವ್ವಾ, ಇದನ್ನೂ ಬರಿ,” ಎಂದರು. ದೊಡ್ಡ ವಾಲ್ವಿಗೆ ಸಣ್ಣ ಹರಿವು ಬಂದರೆ ಅದು ಕೂದಲೆಳೆಯಷ್ಟು ತೆರೆದು ಮತ್ತೆ ಬಡಿದು ಮುಚ್ಚುತ್ತದಂತೆ. ಆದ್ದರಿಂದ ಅತಿ ಹೆಚ್ಚು ನೀರು ಹೋಗುವುದು ಎಷ್ಟು, ಅತಿ ಕಡಿಮೆ ಎಷ್ಟು ಎಂದು ಮೊದಲು ಗೊತ್ತಾಗಬೇಕು. ಹದಿನೈದು ದಿನ ದಿನಕ್ಕೆ ನಾಲ್ಕು ಸಲ ಗುಡ್ಡ ಹತ್ತಿ, ಟ್ಯಾಂಕಿನ ಹೊರಗೋಡೆಯ ಅಡಿಪಟ್ಟಿ ನೋಡಿ, ಒಂದು ಗಂಟೆ ಕುಳಿತು ಮತ್ತೆ ನೋಡಿದೆ. ಕೆಳಬೀದಿಯ ನೀರಷ್ಟೇ ಲೆಕ್ಕಕ್ಕೆ ಸಿಗಲೆಂದು ಆ ಗಂಟೆಗಳಲ್ಲಿ ಮೇಲ್ಬೀದಿಯ ಲೈನು ಮುಚ್ಚಬೇಕಿತ್ತು. ಅಲ್ಲಿನ ಹೆಂಗಸರು ನನ್ನನ್ನು ಬೈದುಕೊಂಡೇ ಒಪ್ಪಿದರು. ನಾನು ತೆಳ್ಳಗಾದದ್ದು ಜೀವನದಲ್ಲಿ ಅದೊಂದೇ ಸಲ.

ಮಾವ ಆ ಅಂಕಿಗಳ ಜೊತೆ ಎರಡು ಸಂಜೆ ಕುಳಿತು, ನಾಲ್ಕಿಂಚಿನ ಪೈಪಿಗೆ ಎರಡೂವರೆ ಇಂಚಿನ ವಾಲ್ವು ಸಾಕು ಎಂದರು. ಊರಿಗೆ ಅದು ತಮಾಷೆಯಾಯಿತು. ಓಂಕಾರಪ್ಪನವರು ಅರಳಿಕಟ್ಟೆಯಲ್ಲಿ ಎಲ್ಲರೆದುರು ಕೇಳಿದರು: “ಅಣ್ಣಾ, ನಿನ್ನ ಕಾಲಿಗೆ ನಿನ್ನ ಸೊಸೆ ಚಪ್ಪಲಿ ಹಾಕ್ಕಂಡು ನಡೀತೀಯಾ?”

“ಅದು ಕಾಲಲ್ಲ ಕಣೋ, ಬಾಯಿ,” ಎಂದರು ಮಾವ. “ಬಾಯಿ ದೊಡ್ಡದಾದಷ್ಟೂ ಗಲಾಟೆ ಜಾಸ್ತಿ.”

ನಕ್ಕವರಲ್ಲಿ ಓಂಕಾರಪ್ಪನವರೂ ಒಬ್ಬರು. ವಾಲ್ವು ಬಂತು. ಕೂರಿಸುವ ದಿನ ಮಾವ ಯಾರ ಅವಸರಕ್ಕೂ ಬಗ್ಗಲಿಲ್ಲ. ಮೊದಲು ಪೈಪಿನ ಬಾಯಿ ಬಿಟ್ಟು ನೀರು ಹರಿಸಿದರು. ಜಲ್ಲಿ, ಪ್ಲಾಸ್ಟಿಕ್ಕಿನ ಸಿಬಿರು, ಯಾವುದೋ ಮಗುವಿನ ಬಳೆ, ಎಲ್ಲ ಬಂದವು. ನೀರು ತಿಳಿಯಾದ ಮೇಲೆಯೇ ವಾಲ್ವಿನ ಮುಂದೆ ಕಸ ತಡೆಯುವ ಜಾಲರಿ, ಆಮೇಲೆ ವಾಲ್ವು, ಎರಡು ಕಡೆಗೂ ಒಂದೊಂದು ಗೇಜು. ಮೈಮೇಲಿನ ಬಾಣದ ಗುರುತು ನೀರು ಹೋಗುವ ದಿಕ್ಕಿಗಿದೆಯೇ ಎಂದು ನನ್ನಿಂದ ಮೂರು ಸಲ ಓದಿಸಿದರು. ರಿಪೇರಿಯ ದಿನ ಊರು ಒಣಗಬಾರದೆಂದು ಪಕ್ಕದಲ್ಲೊಂದು ಸುತ್ತುದಾರಿಯ ಪೈಪೂ ಆಯಿತು. ಕೊನೆಗೆ ಕೆಳಗಿನ ಒತ್ತಡ ಎಷ್ಟಿರಬೇಕೆಂದು ಗೊತ್ತುಮಾಡುವ, ವಾಲ್ವಿನ ಮೇಲಿನ ಬೋಲ್ಟನ್ನು ಪೂರ್ತಿ ಸಡಿಲಿಸಿ, ಕಾಲು ಸುತ್ತು ಬಿಗಿ ಮಾಡುವುದು, ಒಂದು ಎಲೆ ಅಡಿಕೆ ಜಗಿದು ಮುಗಿಯುವತನಕ ಕಾಯುವುದು, ಮತ್ತೆ ಕಾಲು ಸುತ್ತು. ಗಡಿಯಾರ ನೋಡಿ ಕಾದರೆ ಕೈ ತುರಿಸುತ್ತದಂತೆ. ಏಳನೆಯ ಎಲೆಗೆ ಕೆಳಗಿನ ಗೇಜಿನ ಮುಳ್ಳು ಎರಡು ಕೆಜಿ ಒತ್ತಡದ ಗೆರೆಗೆ ಬಂತು. ಮೇಲಿನ ಗೇಜಿನಲ್ಲಿ ಆರಿತ್ತು.

ಪರೀಕ್ಷೆ ಮಧ್ಯಾಹ್ನ ಒಂದು ಗಂಟೆಗೆ. ಕೆಳಬೀದಿಯ ಎಲ್ಲ ನಲ್ಲಿಗಳನ್ನೂ ಮುಚ್ಚಿಸಿ, ಓಂಕಾರಪ್ಪನವರು ತಾವೇ ಬಂದು ವಾಲ್ವಿನ ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕುಳಿತರು. ಮುಳ್ಳು ಎರಡರಿಂದ ಮೆಲ್ಲಗೆ ಏರಿತು. ನಮ್ಮನೆಯವರು ನೋಡಲಾರದೆ ಕೆರೆಯ ಕಡೆಗೆ ಮುಖ ಮಾಡಿದರು. ಎರಡೂಕಾಲಿಗೆ ಬಂದು ಮುಳ್ಳು ನಿಂತಿತು. ಒಂದು ಗಂಟೆ ಕಳೆಯಿತು, ಎರಡು ಗಂಟೆ ಕಳೆಯಿತು, ಅಲ್ಲೇ ಇತ್ತು. ಸದ್ದಿಲ್ಲ, ನಡುಕವಿಲ್ಲ. ಓಂಕಾರಪ್ಪನವರು ಮಂಡಿ ಹಿಡಿದುಕೊಂಡು ಎದ್ದು ನಮ್ಮನೆಯವರ ಹೆಗಲ ಮೇಲೆ ಕೈ ಇಟ್ಟರು. “ಹೋಗಿ ಉಂಡು ಬಾರಪ್ಪ, ಹೊತ್ತಾಯ್ತು,” ಎಂದರು. ಬೇರೆ ನೀರುಗಂಟಿಯ ಮಾತು ಆ ಮೀಟಿಂಗಿನಲ್ಲೂ ಬರಲಿಲ್ಲ, ಆಮೇಲೂ ಬರಲಿಲ್ಲ.

ಮಾವ ಈಗಿಲ್ಲ. ಹೋಗುವ ಮುಂಚೆ ಆ ವಾಲ್ವಿನ ಹೊಟ್ಟೆ ಬಿಚ್ಚಿ ಕಟ್ಟುವುದನ್ನು ನನಗೆ ಕಲಿಸಿ ಹೋದರು. ತಿಂಗಳಿಗೊಮ್ಮೆ ಜಾಲರಿ ತೊಳೆಯುವುದು, ವರ್ಷಕ್ಕೊಮ್ಮೆ ಪರದೆಯನ್ನು ಬೆಳಕಿಗೆ ಹಿಡಿದು ಬಿರುಕು ನೋಡುವುದು ನನ್ನ ಪಾಲಿನದು. ಕಳೆದ ಮಳೆಗಾಲದ ಕೊನೆಗೆ ಮಧ್ಯಾಹ್ನದ ಮುಳ್ಳು ಎರಡೂಕಾಲು ಬಿಟ್ಟು ಮೂರರತ್ತ ತೆವಳತೊಡಗಿತು. ನಮ್ಮನೆಯವರು ಮೋಟಾರಿನ ಕೆಲಸಕ್ಕೆ ಕಡೂರಿಗೆ ಹೋಗಿದ್ದರು. ಸುತ್ತುದಾರಿಯನ್ನು ಎಳೆಯಷ್ಟು ತೆರೆದು, ವಾಲ್ವಿನ ಎರಡು ಕಡೆಯ ನೀರು ಮುಚ್ಚಿ, ಒಬ್ಬಳೇ ಬಿಚ್ಚಿದೆ. ವಾಲ್ವಿನ ಬಾಯಿ ಕೂರುವ ಅಂಚಿನಲ್ಲಿ ಸಾಸಿವೆಯಷ್ಟು ಒಂದು ಕಲ್ಲು ಸಿಕ್ಕಿಕೊಂಡಿತ್ತು. ತೆಗೆದು, ಒರೆಸಿ, ಕಟ್ಟಿದೆ. ಇದನ್ನೂ ಮನೆಗೆಲಸ ಎಂದೇ ಎಣಿಸಿ ಯಾರಿಗೂ ಹೇಳಿರಲಿಲ್ಲ. ಆದರೆ ಓಂಕಾರಪ್ಪನವರ ಜಗಲಿಗೆ ಆ ಗುಂಡಿ ಕಾಣುತ್ತದೆ.

ಹೀಗೆ ಹೊಸ್ತಿಲ ಮೇಲೆ ಕುಳಿತಿದ್ದಾಗಲೇ ಅಮೃತಾಪುರದ ಆಚೆಯ ಊರಿನವರಿಬ್ಬರು ಬೈಕಿನಲ್ಲಿ ಬಂದರು. ಅವರಿಗೆ ದಾರಿ ಹೇಳಿ ಕಳಿಸಿದ್ದ ಓಂಕಾರಪ್ಪನವರು ಕೋಲೂರಿಕೊಂಡು ಹಿಂದೆ ಬರುತ್ತಿದ್ದರು. ಅವರೂರಿನಲ್ಲೂ ವಾಲ್ವು ಬಡಿದುಕೊಳ್ಳುತ್ತಿದೆಯಂತೆ. ಯಜಮಾನರನ್ನು ಕಳಿಸಿಕೊಡಿ ಅಕ್ಕಾ ಎಂದರು. ಅವರು ಟ್ಯಾಂಕು ತೊಳೆಯಲು ಹೋಗಿದ್ದಾರೆ, ಬಂದ ಮೇಲೆ ಹೇಳುತ್ತೇನೆ ಎಂದು ನಾನು ಎಂದಿನಂತೆ ಬಾಯಿ ತೆರೆಯುವಷ್ಟರಲ್ಲಿ ಓಂಕಾರಪ್ಪನವರು ಕೋಲಿನಿಂದ ನನ್ನನ್ನೇ ತೋರಿಸಿದರು.

“ಯಜಮಾನ ನೀರು ಬಿಡೋನು. ವಾಲ್ವಿನ ಮೇಸ್ತ್ರಿ ಇವರು ಕಣ್ರಪ್ಪಾ.”

ಬಂದವರು ನನ್ನ ಸೆರಗು, ಕೈಯ ಬಳೆ ನೋಡಿ ಮುಖ ಮುಖ ನೋಡಿಕೊಂಡರು. ನಾನು ಎದ್ದು, ಮಧ್ಯಾಹ್ನ ಒಂದು ಗಂಟೆಗೆ ಅಲ್ಲಿರಬೇಕಾದರೆ ತರೀಕೆರೆಯಿಂದ ನಿಮ್ಮೂರಿಗೆ ಎಷ್ಟು ಹೊತ್ತಿಗೆ ಬಸ್ಸಿದೆ ಎಂದು ಕೇಳಿದೆ.