ಶಾಂಪೇನಿನ ಬದಲು ಗೋಲಿ ಸೋಡಾ

ಗೆಳತಿಯರೇ, ಅತ್ತೆ ಒಪ್ಪಿದರು, ನಾನೂ ಸೋಲಾಪುರಕ್ಕೆ ಬರುತ್ತಿದ್ದೇನೆ! ಇವರಿಗೆ ಅಲ್ಲಿ ಕೆಲಸ ಸಿಕ್ಕರೂ, ಸೊಸೆ ಮಾತ್ರ ಇನ್ನೊಂದು ವರ್ಷ ಇಲ್ಲೇ ಇಂಡಿ ಊರಲ್ಲಿ ತಮ್ಮ ಜೊತೆ ಇರಲಿ ಎಂಬುದು ಅತ್ತೆಯವರ ಹಟವಾಗಿತ್ತು.

ಇವತ್ತು ಆ ಕೆಲಸದ ಸಂತೋಷಕ್ಕೆ ನಾನು ಶಾಂಪೇನ್ ಕೇಳಿದೆ. ಇವರು ಪಿಸುಗುಟ್ಟಿದರು: "ದಾರೂಬಂದಿ ಐತಿ, ಸರಕಾರ ಕುಡಿಯೂದ ಬಂದ್ ಮಾಡೇತಿ. ಸಿಕ್ಕರೂ ತುಟ್ಟಿ. ತಂದರ ಅವ್ವ ಇಬ್ಬರನ್ನೂ ಹೊರಗ ಹಾಕ್ತಾಳ."

ಕೊನೆಗೆ ಗೋಲಿ ಸೋಡಾ ಆರಿಸಿದೆವು. ಅಗ್ಗ, ನೊರೆಯೂ ಬರುತ್ತದೆ.

"ಮಂದಿ ಬಾಯಿ ಹಚ್ಚಿದ ಬಾಟ್ಲಿ," ಎಂದು ಅತ್ತೆ ಅದನ್ನೆಲ್ಲ ತಾಮ್ರದ ಕೊಡಕ್ಕೆ ಸುರಿದು, ಪೂಜೆ ಮುಗಿಯುವವರೆಗೆ ದೇವರ ಮುಂದಿಟ್ಟರು. ನಾವು ಲೋಟ ಎತ್ತುವಾಗ ಒಂದು ಗುಳ್ಳೆಯೂ ಉಳಿದಿರಲಿಲ್ಲ.

"ಈ ಸಕ್ರಿ ನೀರಿಗೆ ಇಷ್ಟ್ಯಾಕ ಕುಣಿದಿ ಯವ್ವಾ?" ಎಂದು ಅತ್ತೆ ನನ್ನನ್ನು ಕೇಳಿದರು.

ಮರೆತು ಉಳಿದಿದ್ದ ಒಂದು ಬಾಟಲಿಯನ್ನು ಅವರ ಲೋಟದ ಮೇಲೆ ಹಿಡಿದು, ಗೋಲಿಯನ್ನು ಹೆಬ್ಬೆರಳಿನಿಂದ ಒತ್ತಿದೆ. ನೊರೆ ನನ್ನ ಮೊಣಕೈವರೆಗೆ ಹರಿಯಿತು. ಅತ್ತೆ ಒಂದೇ ಗುಟುಕಿಗೆ ಕುಡಿದು, ದೊಡ್ಡದಾಗಿ ತೇಗಿ, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಸೆರಗಿನಿಂದ ಬಾಯೊರೆಸಿ ಮಗನಿಗೆ ಹೇಳಿದರು: "ಇಕಿನ್ನೂ ಕರ್ಕೊಂಡು ಹೋಗಪಾ. ಇಲ್ಲಿ ಬಿಟ್ರ ನನ್ನೂ ಕೆಡಿಸ್ತಾಳ."

ಸ್ಟೇಷನ್ನಿಗೆ ಬರುವಾಗ ಸೋಡಾ ತನ್ನಿ, ಆದರೆ ನಾನು ಬರುವ ಮೊದಲು ಒಡೆಯಬೇಡಿ. ಶುಕ್ರವಾರ, ವಿಜಾಪುರದ ಬೆಳಗಿನ ಪ್ಯಾಸೆಂಜರ್.