ಹಲಗೆಗೆ ನೀರು ಕುಡಿಸುವ ಉರ್ಕಿಯಾ

ಬೆಳಗಿನ ಆರೂಕಾಲು. ಕಜಾಕರ ನಾಡಿನ ನಮ್ಮ ಕಲ್ಲಿದ್ದಲ ಊರಿನ ರಂಗಮಂದಿರದ ಹಿಂಬಾಗಿಲಲ್ಲಿ ಮಾರ್ಚ್ ತಿಂಗಳ ಹಿಮ ಇನ್ನೂ ಮೊಣಕಾಲುದ್ದ ಬಿದ್ದಿದೆ. ಒಳಗೆ ವೇದಿಕೆಯ ಮೇಲೆ ಒಂದೇ ದೀಪ. ಅದರಡಿ ಅರವತ್ತಮೂರು ವರ್ಷದ ಉರ್ಕಿಯಾ ಜರಡಿ ಮೂತಿಯ ತಗಡಿನ ಕ್ಯಾನು ಹಿಡಿದು ಬಗ್ಗಿದ್ದಾರೆ. ಚಿಮುಕಿಸಿದ ನೀರು ಹಲಗೆಗೆ ಇಳಿಯುತ್ತಿಲ್ಲ. ದುಂಡಗೆ ಹನಿಗಟ್ಟಿ, ಇಳಿಜಾರಿನಲ್ಲಿ ಉರುಳಿ ಉರುಳಿ ವೇದಿಕೆಯ ಅಂಚಿಗೆ ಹೋಗುತ್ತಿದೆ.

ಉರ್ಕಿಯಾ ಮಂಡಿಯೂರಿ ಕೂತು, ಉಗುರಿನಿಂದ ಹಲಗೆ ಕೆರೆದು ಮೂಸಿ ನೋಡುತ್ತಾರೆ.

"ಮೇಣ," ಎಂದು ತಮ್ಮ ಬಗ್ಗೆ ಬರೆಯಲು ಬಂದಿರುವ ನನಗೆ ಹೇಳುತ್ತಾರೆ. "ಯಾರೋ ಪುಣ್ಯಾತ್ಮರು ಪಾಲಿಷ್ ಹೊಡೆದವ್ರೆ."

ಸಂಜೆ ಐದಕ್ಕೆ ಮೊದಲ ಪ್ರದರ್ಶನ. ನಾಲ್ಕು ಅಂಕಗಳ ಪೂರ್ಣ ಶಾಸ್ತ್ರೀಯ ಬ್ಯಾಲೆ. ರಾಜಧಾನಿಯಿಂದ ಹುಡುಗಿಯರನ್ನು ಎರವಲು ತರದೆ, ನಮ್ಮ ಮಂಡಳಿಯವರೇ ಆಡಿ ಹತ್ತೊಂಬತ್ತು ವರ್ಷವಾಯಿತು. ಮೂರನೆಯ ಅಂಕಕ್ಕೆ ಇಲ್ಲಿ 'ಬಿಳಿ ಅಂಕ' ಎನ್ನುತ್ತಾರೆ. ಬಿಳಿ ಉಡುಪಿನ ಇಪ್ಪತ್ತು ಹುಡುಗಿಯರು ಒಬ್ಬರ ಹಿಂದೆ ಒಬ್ಬರು, ಒಂಟಿ ಕಾಲ ಮೇಲೆ ನಿಲ್ಲುತ್ತ ಬರಬೇಕು. ಮುಂದಿನವಳು ಜಾರಿದರೆ ಹಿಂದಿನವಳು ಅವಳ ಮೇಲೆ. ಸಾಲಿನ ಮೊದಲನೆಯವಳು ದಿಲ್ನಾಜ್. ಹನ್ನೊಂದು ತಿಂಗಳ ಹಿಂದೆ ಇದೇ ನೆಲದ ಮೇಲೆ ಜಾರಿ ಕಾಲಿನ ಗಿಣ್ಣು ಮುರಿದುಕೊಂಡ ಹುಡುಗಿ.

ಉರ್ಕಿಯಾ ಅವರ ಕೆಲಸಕ್ಕೆ ಕಾಗದದ ಮೇಲೆ ಇರುವ ಹೆಸರು 'ನೆಲ ಒರೆಸುವವರು'. ನಿಜವಾದ ಕೆಲಸ ನೆಲವನ್ನು ಹದಕ್ಕೆ ತರುವುದು. ಒಣಗಿದ ಮರ ಜಾರುತ್ತದೆ, ನೆನೆದ ಮರವೂ ಜಾರುತ್ತದೆ. ನಡುವಿನ ಹದ ಇವರ ಅಂಗಾಲಿಗೆ ಗೊತ್ತು. ಹದಿನಾಲ್ಕು ಮೀಟರ್ ಅಗಲ, ಹನ್ನೆರಡು ಮೀಟರ್ ಆಳದ ವೇದಿಕೆ, ಮೀಟರಿಗೆ ಎರಡು ಬೆರಳು ಇಳಿಜಾರು. ದಿನಕ್ಕೆ ಐದು ಸಲ ನೀರು. ಕ್ಯಾನಿಗೆ ಎಂಟು ಲೀಟರು. ಬೇಸಿಗೆಯಲ್ಲಿ ಸಲಕ್ಕೆ ಮೂರು ಕ್ಯಾನು, ಚಳಿಗಾಲದಲ್ಲಿ ಎರಡು. ಬಲಗಡೆಯ ಹಲಗೆಗಳ ಕೆಳಗೆ ಬಿಸಿನೀರಿನ ಕೊಳವೆ ಹೋಗಿದೆ. "ಆ ಕಡೆಯವು ಕುಡುಕರು," ಎಂದು ನಗುತ್ತಾರೆ. "ಎಷ್ಟು ಹಾಕಿದ್ರೂ ಇನ್ನೂ ಅಂತಾವೆ."

ಇಪ್ಪತ್ತೇಳು ವರ್ಷದ ಹಿಂದೆ, ಉಣ್ಣೆ ಬೂಟಿನ ಕಾರ್ಖಾನೆ ಮುಚ್ಚಿದಾಗ ಅವರು ಇಲ್ಲಿಗೆ ಬಂದದ್ದು. ಆಗ ಕ್ಯಾನು ಫ್ರೀಡಾ ಎಂಬ ಜರ್ಮನ್ ಮುದುಕಿಯ ಕೈಯಲ್ಲಿತ್ತು. ಮೊದಲ ಒಂದು ವರ್ಷ ಆಕೆ ಉರ್ಕಿಯಾಗೆ ಕ್ಯಾನು ಮುಟ್ಟಲು ಬಿಡಲೇ ಇಲ್ಲ. ಬರಿಗಾಲಲ್ಲಿ ನಡೆಸಿ, "ಇಲ್ಲಿ ಸಾಕಾ, ಬೇಕಾ?" ಎಂದು ಕೇಳುತ್ತಿದ್ದಳಂತೆ. ಕ್ಯಾನನ್ನು ಬೇರೆಯವರ ಕೈಗೆ ಕೊಡಬಾರದು ಎಂಬ ಕಟ್ಟಳೆ ಆಗಿನಿಂದ ಈಗಿನವರೆಗೂ ನಡೆದು ಬಂದಿದೆ. ನಿರ್ದೇಶಕರೂ ಅದನ್ನು ಮುಟ್ಟುವುದಿಲ್ಲ.

ದಿಲ್ನಾಜ್ ಬಿದ್ದ ದಿನ ವಿಚಾರಣೆ ನಡೆಯಿತು. ಕಾಲು ಬಿಸಿಯಾಗುವ ಮೊದಲೇ ತಾಲೀಮು ಶುರು ಮಾಡಿಸಿದ್ದರೆಂದು ಹುಡುಗಿಯರು ಗುಸುಗುಸು ಮಾತಾಡಿಕೊಂಡರು. ವರದಿಯಲ್ಲಿ ಮಾತ್ರ 'ನೆಲದಲ್ಲಿ ನೀರು ಹೆಚ್ಚಾಗಿತ್ತು' ಎಂದು ಬರೆದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ನನಗೆ ಅನ್ನಿಸುತ್ತದೆ. ಉರ್ಕಿಯಾಗೆ ಹಾಗೆ ಅನ್ನಿಸುವುದಿಲ್ಲ.

"ಇರಬೋದು," ಎನ್ನುತ್ತಾರೆ. "ಅವತ್ತು ಜಾಸ್ತಿ ಹಾಕಿದ್ನೋ ಇಲ್ವೋ, ಇವತ್ತಿಗೂ ನಂಗೆ ಗೊತ್ತಿಲ್ಲ. ಕುರಿಕಾಲಿನ ಸಾರು ಮಾಡ್ಕೊಂಡು ಅವ್ಳ ಮನೆಗೆ ಹೋದೆ. ಅವ್ರಮ್ಮ ಬಾಗಿಲಲ್ಲೇ ಪಾತ್ರೆ ಇಸ್ಕೊಂಡ್ರು. ಚಾಕ್ಕೆ ಒಳಗೆ ಕರೀಲಿಲ್ಲ."

ಕಜಾಕರ ಮನೆ ಬಾಗಿಲಿಗೆ ಬಂದವರನ್ನು ಚಹಾಕ್ಕೆ ಕರೆಯದೆ ಕಳಿಸುವುದೆಂದರೆ ಎಂಥ ಅವಮಾನವೆಂದು ನನಗೂ ಗೊತ್ತು, ಅವರಿಗೂ ಗೊತ್ತು.

ಏಳು ಗಂಟೆಗೆ ಕಟ್ಟಡದ ಉಸ್ತುವಾರಿ ಸೈಲಾವ್‌ಬೇಕ್ ಹಲ್ಲುಕಿರಿಯುತ್ತ ಬರುತ್ತಾನೆ. ದೊಡ್ಡವರು ಬರುತ್ತಾರೆಂದರೆ ನಮ್ಮ ಊರುಗಳಲ್ಲಿ ಮರದ ಬುಡಕ್ಕೂ ಸುಣ್ಣ ಬೀಳುತ್ತದೆ. ಇವತ್ತು ಪ್ರಾಂತ್ಯದ ಮುಖ್ಯಸ್ಥರು ಬರಲಿದ್ದಾರೆ. ನಿನ್ನೆ ಸಂಜೆ ಹೊರಗಿನ ಪಡಸಾಲೆಗೆ ಪಾಲಿಷ್ ಹೊಡೆಸಿದ್ದಾನೆ, ಎರಡು ಡಬ್ಬ ಉಳಿದಿದೆ, ವೇದಿಕೆ ಯಾಕೆ ಮಂಕಾಗಿರಬೇಕು ಎಂದು ಅದಕ್ಕೂ ಬಳಿಸಿದ್ದಾನೆ.

"ಮುಖ ಕಾಣುತ್ತೆ ನೋಡಿ ಆಪಾ," ಎನ್ನುತ್ತಾನೆ ಹೆಮ್ಮೆಯಿಂದ. ಇಲ್ಲಿ ಹಿರಿಯ ಹೆಂಗಸರೆಲ್ಲ ಆಪಾ.

"ಹೂಂ ಕಣಪ್ಪ, ಬಿದ್ದೋರ ಮುಖ ಇನ್ನೂ ಚೆನ್ನಾಗಿ ಕಾಣುತ್ತೆ."

ತಾನು ಮಾಡಿದ್ದು ಅರ್ಥವಾಗಲು ಅವನಿಗೆ ಎರಡು ನಿಮಿಷ ಬೇಕಾಯಿತು. ಆಮೇಲೆ ಅವನ ಮುಖ ನೋಡಲಾಗಲಿಲ್ಲ. "ಮೇಲೆ ರಾಳದ ಪುಡಿ ಜಾಸ್ತಿ ಚೆಲ್ಲಿದ್ರೆ ಆಗಲ್ವಾ? ಹುಡುಗೀರು ಬೂಟಿಗೆ ಅದನ್ನೇ ತಾನೇ ಹಚ್ಕೊಳ್ಳೋದು?"

"ಮೇಣದ ಮೇಲೆ ರಾಳ ಬಿದ್ರೆ ಅಂಟಾಗುತ್ತೆ. ಒಂದು ಹೆಜ್ಜೆ ಜಾರುತ್ತೆ, ಇನ್ನೊಂದು ಕಚ್ಕೊಳ್ಳುತ್ತೆ. ಕಾಲು ಮುರಿಯೋಕೆ ಅದಕ್ಕಿಂತ ಒಳ್ಳೆ ಉಪಾಯ ಇಲ್ಲ. ಹೋಗು, ಬಾಯ್ಲರ್ ಮನೆಯಿಂದ ಕುದಿಯೋ ನೀರು ತರ್ಸು. ಬಟ್ಟೆ ಸೋಡಾ ಎಷ್ಟಿದ್ಯೋ ಅಷ್ಟೂ ತಾ. ಬಡಗಿ ಹತ್ರ ಮರದ ಹೊಟ್ಟು, ಒಡೆದ ಕಿಟಕಿ ಗಾಜು."

ಗಾಜಿನ ಚೂರಿನ ಅಂಚಿನಿಂದ ಹಲಗೆ ಹೆರೆಯುವುದು ಹಳೆಯ ಬಡಗಿಗಳ ವಿದ್ಯೆ. ಮೊದಲು ಬಿಸಿ ಸೋಡಾ ನೀರು, ಆಮೇಲೆ ಗಾಜು, ಆಮೇಲೆ ಹೊಟ್ಟು ಚೆಲ್ಲಿ ಉಜ್ಜುವುದು. ನೂರ ಅರವತ್ತೆಂಟು ಚದರ ಮೀಟರು. ಒಂಬತ್ತೂವರೆಗೆ ಉರ್ಕಿಯಾ, ಸೈಲಾವ್‌ಬೇಕ್, ಇಬ್ಬರು ಬಡಗಿಗಳು ಮತ್ತು ಬರೆಯುವುದು ಬಿಟ್ಟು ಅಂಗಿ ತೋಳು ಮಡಿಸಿದ ನಾನು ಸೇರಿ ಮುಗಿಸಿದ್ದು ಒಂದು ಮೂಲೆ.

ಹತ್ತಕ್ಕೆ ಹುಡುಗಿಯರು ಅಭ್ಯಾಸಕ್ಕೆ ಬಂದರು. ಅವರ ಗುರು ರಿಮ್ಮಾ ಪೆತ್ರೊವ್ನಾ ಎಪ್ಪತ್ತರ ಗಟ್ಟಿ ಹೆಂಗಸು. ವೇದಿಕೆ ನೋಡಿ ಬಾಯಿ ತೆರೆದವರು, ಉರ್ಕಿಯಾ ಮುಖ ನೋಡಿ ಮುಚ್ಚಿಕೊಂಡರು. "ಇವತ್ತಿನ ಪಾಠ ನೆಲದ್ದು," ಎಂದರು. "ಮಂಡಿಗೆ ಬಟ್ಟೆ ಕಟ್ಕೊಳ್ಳಿ. ಗಾಜು ಮುಟ್ಟೋಳು ಕೈಗವಸು ಹಾಕ್ಬೇಕು."

ಮೊದಲು ಬಂದು ಕೂತವಳು ದಿಲ್ನಾಜ್. ವಾಪಸು ಬಂದ ಮೇಲೆ ಅವಳು ಉರ್ಕಿಯಾಗೆ ಸಲಾಂ ಹೇಳಿದ್ದು ಬಿಟ್ಟರೆ ಬೇರೆ ಮಾತಾಡಿಲ್ಲ.

"ನೀನ್ಯಾಕಮ್ಮ ಬಂದೆ, ಕಾಲು ನೋಡ್ಕೋ ಹೋಗು," ಎಂದರು ಉರ್ಕಿಯಾ.

"ನಾನು ಬರೋ ಜಾಗ ನಾನೇ ಉಜ್ಕೊಳ್ತೀನಿ ಆಪಾ."

"ನನ್ಮೇಲೆ ನಂಬಿಕೆ ಇಲ್ವಾ?"

"ನಂಬಿಕೆ ಇದ್ದೋರು ಉಜ್ಜಬಾರ್ದು ಅಂತ ಎಲ್ಲಿದೆ?" ಎಂದು ದಿಲ್ನಾಜ್ ಹೆರೆಯತೊಡಗಿದಳು. ಪಕ್ಕದ ಹುಡುಗಿ ಕಿಸಕ್ಕೆಂದಳು. ಉರ್ಕಿಯಾ ನಗಲಿಲ್ಲ. ಆ ಮಾತನ್ನು ಹೇಗೆ ತೆಗೆದುಕೊಳ್ಳಬೇಕೋ ಅವರಿಗೆ ತಿಳಿದಂತೆ ಕಾಣಲಿಲ್ಲ.

ಮೂವತ್ತೊಂದು ಜನ, ಐದೂವರೆ ಗಂಟೆ. ಯಾರೋ ಹಿಟ್ಟಿನ ಉಂಡೆ, ಬೌರ್ಸಾಕ್, ಕರಿದು ತಂದಿದ್ದರು. ಸೋಡಾ ಕೈ ತೊಳೆದು ಒಂದೊಂದು ಬಾಯಿಗೆ ಹಾಕಿಕೊಂಡು ಮತ್ತೆ ಕೂರುವುದು. ಮೂರೂವರೆಗೆ ನೆಲ ಬೆಳ್ಳಗೆ ಬರಿದಾಯಿತು. ಉರ್ಕಿಯಾ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಮೂಲೆಯಿಂದ ಮೂಲೆಗೆ ನಡೆದರು. ಆರು ಕಡೆ ನಿಂತು ಮತ್ತೆ ಹೆರೆಸಿದರು. ಆದರೂ ಅವರ ಮುಖ ಸಡಿಲವಾಗಲಿಲ್ಲ. ಇಪ್ಪತ್ತೇಳು ವರ್ಷ ಗೊತ್ತಿದ್ದ ಮರದ ಮೇಲಿನ ಪದರ ಹೋಗಿದೆ. ಈ ಹೊಸ ಮೈ ಎಷ್ಟು ನೀರು ಕುಡಿಯುತ್ತದೋ ಯಾರಿಗೂ ಗೊತ್ತಿಲ್ಲ.

ಅವರು ಕ್ಯಾನು ತುಂಬಿಸಿ ತಂದರು. ದಿಲ್ನಾಜ್ ಎದುರು ನಿಂತು, ಹಿಡಿಯನ್ನು ಅವಳ ಕಡೆ ಚಾಚಿದರು.

"ನೀನು ಬರೋ ದಾರಿಗೆ ನೀನೇ ಹಾಕ್ಕೋ ಮಗಳೇ. ನಿನ್ನ ಕಾಲಿಗೆ ಎಷ್ಟು ಸರಿಯೋ ಅಷ್ಟು."

ದಿಲ್ನಾಜ್ ಕ್ಯಾನು ನೋಡಿದಳು. ಕೈ ಹಿಂದಕ್ಕೆ ಕಟ್ಟಿಕೊಂಡಳು.

"ನಂಗೇನು ಗೊತ್ತು ಆಪಾ. ನೀವೇ ಹಾಕಿ. ಹಾಕೋವಾಗ ನಾನು ನೋಡೋದೂ ಇಲ್ಲ." ಹಾಗೆಂದು ನಿಜವಾಗಿಯೂ ಬೆನ್ನು ತಿರುಗಿಸಿ ನಿಂತಳು.

ಉರ್ಕಿಯಾ ಸೆರಗಿನಂಥ ಹೂವಿನ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡು, ಹಿಂಬದಿಯ ಎತ್ತರದಿಂದ ಶುರುಮಾಡಿದರು. ಎರಡಲ್ಲ, ಒಂದೂಕಾಲು ಕ್ಯಾನು. ಯಾಕೆ ಒಂದೂಕಾಲು ಎಂದು ಕೇಳಿದರೆ, "ಕಾಲು ಹೇಳ್ತು," ಎಂದಷ್ಟೇ ಹೇಳಿದರು.

ಬಿಳಿ ಅಂಕ ಬಂದಾಗ ಅವರು ಪರದೆಯ ಬದಿಯಲ್ಲಿ ಮುಖವನ್ನು ಗೋಡೆಗೆ ಮಾಡಿ ನಿಂತಿದ್ದಾರೆ. ಅವರು ಯಾವತ್ತೂ ನೋಡುವುದಿಲ್ಲ, ಹೆಜ್ಜೆಯ ಸದ್ದು ಕೇಳುತ್ತಾರೆ. ದಿಲ್ನಾಜ್ ಬರುತ್ತಾಳೆ, ನಿಲ್ಲುತ್ತಾಳೆ. ಅವಳ ಹಿಂದೆ ಎರಡನೆಯವಳು, ಮೂರನೆಯವಳು. ಉರ್ಕಿಯಾ ತುಟಿಯಲ್ಲೇ ಎಣಿಸುತ್ತಿದ್ದಾರೆ. ಇಪ್ಪತ್ತಕ್ಕೆ ಬಂದಾಗ ಉಸಿರು ಬಿಡುತ್ತಾರೆ.

ಕೊನೆಯಲ್ಲಿ ಹೂಗುಚ್ಛ, ಭಾಷಣ. ಪ್ರಾಂತ್ಯದ ಮುಖ್ಯಸ್ಥರು ಸಂಗೀತಗಾರರಿಗೆ, ದರ್ಜಿಗಳಿಗೆ, ಥಳಥಳ ಹೊಳೆಯುವ ಪಡಸಾಲೆಗಾಗಿ ಸೈಲಾವ್‌ಬೇಕನಿಗೆ, ಹೆಸರು ಹಿಡಿದು ಧನ್ಯವಾದ ಹೇಳುತ್ತಾರೆ. ನನಗೆ ಸಿಟ್ಟು ಬರುತ್ತದೆ. ನಿಮ್ಮ ಹೆಸರೂ ಕರೆಯಬೇಕಿತ್ತು ಎಂದು ಉರ್ಕಿಯಾ ಅವರಿಗೆ ಹೇಳುತ್ತೇನೆ.

ಅವರು ನನ್ನನ್ನು ಅಯ್ಯೋ ಪಾಪ ಎಂಬಂತೆ ನೋಡುತ್ತಾರೆ.

"ಇಲ್ಲಿ ನನ್ನ ಹೆಸರು ಕೂಗೋದು ಯಾರಾದ್ರೂ ಬಿದ್ದಾಗ ಮಾತ್ರ," ಎನ್ನುತ್ತಾರೆ. "ಇವತ್ತು ಮೂರು ಗಂಟೆ ಹೊತ್ತು ಯಾರೂ ಕೂಗ್ಲಿಲ್ಲ."