ಗಡಿಯಲ್ಲಿ ನಿಂತ ಬಾಳೆ ಎಲೆ

ಕಳೆದ ವಾರ ಬಳ್ಳಾರಿಯಿಂದ ಗುಂತಕಲ್ಲಿಗೆ ಕಾರಿನಲ್ಲಿ ಹೋಗುತ್ತಿದ್ದೆ. ಕಿಟಕಿಯಾಚೆ ಕಂಡ ಗೊಬ್ಬರದಂಗಡಿಯ ಬೋರ್ಡು ಓದಲು ಹೋಗಿ ಮೂರನೆಯ ಅಕ್ಷರಕ್ಕೆ ಎಡವಿದೆ. ತೆಲುಗು. ಅಂದರೆ ಆಂಧ್ರ ಬಂದು ಎಷ್ಟು ಹೊತ್ತಾಗಿತ್ತೋ. ಅಡ್ಡಗಂಬವಿಲ್ಲ, ಲಾರಿಗಳ ಸಾಲಿಲ್ಲ. ನೀವು ನಂಬಬೇಕು, ಇದೇ ದಾರಿಯಲ್ಲಿ ನಾನೊಮ್ಮೆ ಮೂರು ತಾಸು ನಿಂತಿದ್ದೇನೆ, ಅದೂ ರೇಷ್ಮೆ ಸೀರೆಯುಟ್ಟು.

ಆಗ ಹೊಸಪೇಟೆಯಲ್ಲಿ ಕಾಲೇಜು ಓದುತ್ತಿದ್ದೆ. ಕಮಲಾಪುರದ ನನ್ನ ಸೋದರಮಾವನಿಗೆ ಬಾಳೆತೋಟವಿತ್ತು. ಗುಂತಕಲ್ಲಿನಿಂದ ಗೊನೆ ಕೊಳ್ಳಲು ಬರುತ್ತಿದ್ದ ತಿಮ್ಮಾರೆಡ್ಡಿ ಬರುಬರುತ್ತಾ ಅವನ ಗೆಳೆಯನಾದ. ಒಬ್ಬ ಕನ್ನಡದಲ್ಲಿ, ಇನ್ನೊಬ್ಬ ತೆಲುಗಿನಲ್ಲಿ ಚೌಕಾಸಿ ಮಾಡುತ್ತಿದ್ದರು. ಒಬ್ಬರ ಬೈಗುಳ ಇನ್ನೊಬ್ಬರಿಗೆ ಪೂರ್ತಿ ತಿಳಿಯದ್ದರಿಂದಲೇ ಸ್ನೇಹ ಉಳಿಯಿತೆಂದು ನಮ್ಮತ್ತೆ ಹೇಳುತ್ತಿದ್ದಳು. ರೆಡ್ಡಿಯ ಮಗಳ ಮದುವೆ ಗೊತ್ತಾದಾಗ ಮಾವ, "ನನ್ನ ತೋಟ ಇರಬೇಕಾದ್ರ ಪ್ಯಾಟಿ ಎಲಿಮ್ಯಾಗ ಉಣ್ಣಸ್ತೀಯೇನು?" ಎಂದು ಊಟದೆಲೆಯನ್ನೆಲ್ಲ ತಾನೇ ತರುವುದಾಗಿ ಮಾತು ಕೊಟ್ಟ.

ಮದುವೆಯ ದಿನ ನಸುಕಿನಲ್ಲಿ ಮಾವನೂ ನಾನೂ ಟೆಂಪೋ ತುಂಬ ಎಲೆಯ ಕಟ್ಟು ಹೇರಿಕೊಂಡು ಹೊರಟೆವು. ಗಡಿಯ ಚೆಕ್‌ಪೋಸ್ಟಿನಲ್ಲಿ ಆಂಧ್ರದ ಅಧಿಕಾರಿ ಕಾಗದ ನೋಡಿ, "ಈ ಬಂಡಿಗೆ ಆಂಧ್ರದ ಪರ್ಮಿಟ್ ಇಲ್ಲ ಕದಾ?" ಎಂದು ತೆಲುಗು ಬೆರೆಸಿ ಕೇಳಿದರು.

"ಮದುವಿ ಎಲಿ ಐತ್ರಿ ಸಾಹೇಬ್ರ," ಎಂದ ಮಾವ.

"ಎಲೆಗೆ ಏನೂ ಬೇಡ. ಬಂಡಿಗೆ ಬೇಕು."

ಅವರು ಹೇಳಿದ್ದು ಸರಿಯಾಗಿಯೇ ಇತ್ತು, ತೊಂದರೆಯೇ ಅದು. ಪರ್ಮಿಟ್ ಬರೆದುಕೊಡುವವರು ಇನ್ನೂ ಬಂದಿರಲಿಲ್ಲ. ಬಿಸಿಲೇರಿತು. ಮಾವ ಬೋರಿಂಗಿನಿಂದ ನೀರು ತಂದು ಎಲೆಗೆ ಚಿಮುಕಿಸುತ್ತಲೇ ಇದ್ದ. ಕೊನೆಗೆ, "ಮಾತು ಕೊಟ್ಟೀನವ್ವಾ," ಎಂದ. ಅಲ್ಲಿಯವರೆಗೆ ಸೀರೆಯ ಚಿಂತೆಯಲ್ಲಿದ್ದ ನನಗೆ ನಾಚಿಕೆಯಾಯಿತು.

ಇದ್ದಕ್ಕಿದ್ದಂತೆ ಅವನು ಅಧಿಕಾರಿಯ ಮುಂದೆ ಹೋಗಿ ನಿಂತ. "ಬಂಡಿ ಇಲ್ಲೇ ಇರ್ಲಿ. ಎಲಿ ಅಷ್ಟ ಹೋಗಬೌದಲ್ರಿ?"

ಅಧಿಕಾರಿ ಯೋಚಿಸಿದರು. "ಹೋಗಬಹುದು."

ಚಹಾದಂಗಡಿಯ ಫೋನಿನಿಂದ ರೆಡ್ಡಿಗೆ ಸುದ್ದಿ ಮುಟ್ಟಿತು. ಅವನ ತಮ್ಮ ಟ್ರ್ಯಾಕ್ಟರ್ ತಂದು ಅಡ್ಡಗಂಬದ ಆಚೆ ನಿಲ್ಲಿಸಿದ. ಸಾಲಿನಲ್ಲಿ ಕಾದು ಬೇಸತ್ತಿದ್ದ ಲಾರಿ ಡ್ರೈವರುಗಳು ತಾವಾಗಿಯೇ ಇಳಿದು ಬಂದರು. ಕೈಯಿಂದ ಕೈಗೆ, ಕಂಬದ ಕೆಳಗೆ, ಎಲೆಯ ಕಟ್ಟುಗಳು ಆಂಧ್ರ ಸೇರಿದವು. ಬೇರೆ ಕಡೆ ನೋಡುತ್ತ ಕುಳಿತಿದ್ದ ಅಧಿಕಾರಿಯೂ, ಜಾರಿ ಬಿದ್ದ ಒಂದು ಕಟ್ಟನ್ನು ಎತ್ತಿಕೊಟ್ಟರು. ಕೊನೆಗೆ ನಾವಿಬ್ಬರೂ ಕಂಬದ ಕೆಳಗೆ ನುಸುಳಿ ಟ್ರೈಲರ್ ಏರಿದೆವು. ನನ್ನ ಸೀರೆಯ ಗತಿ ಕೇಳಬೇಡಿ.

ಮೊದಲ ಪಂಕ್ತಿಗೆ ಎಲೆ ಹಾಸಿದಾಗ ಅನ್ನ ಇನ್ನೂ ಹಬೆಯಾಡುತ್ತಿತ್ತು. ರೆಡ್ಡಿ ಹೆಗಲ ಮೇಲಿನ ಹೊಸ ಶಲ್ಯ ತೆಗೆದು ಮಾವನ ಮುಖದ ಬೆವರು ಒರೆಸಿದ.

ಮೊನ್ನೆ ಊರಿಗೆ ಮರಳಿದವಳೇ ಮಾವನಿಗೆ ಫೋನು ಮಾಡಿ, "ಚೆಕ್‌ಪೋಸ್ಟ್ ಹೋಯ್ತು, ಅಂಥ ದಿನಗಳೂ ಹೋದವು," ಎಂದು ನಿಟ್ಟುಸಿರಿಟ್ಟೆ.

"ಬಿಸಲಾಗ ನೀರು ಹೊತ್ತಾಂವ ನಾನು, ನೆನಪು ಸಿಹಿ ನಿನಗ," ಎಂದು ನಕ್ಕ ಮಾವ. "ಹೋಗಿದ್ದು ಭಾಳ ಛಲೋ ಆತು. ನಾಳೆ ಗುಂತಕಲ್ಲಿಗೆ ಹೊಂಟೀನಿ."

"ಏನು ವಿಶೇಷ?"

"ಏನಿಲ್ಲವ್ವಾ. ರೆಡ್ಡಿ ಜೊತಿ ಒಂದು ಚಾ ಕುಡಿಬೇಕನಿಸ್ತು."